ಕಾಫಿ ಕಣದಲ್ಲಿ ಕೈಲಾಸಂ

ಚಿಕ್ಕಮಗಳೂರು ಅಂದ ಕೂಡಲೇ ನಿಮ್ಮ ಫೋನಿನಲ್ಲಿ ಏನೇನು ಬರುತ್ತೆ ಅಂತ ನನಗೆ ಗೊತ್ತು. ಮುಳ್ಳಯ್ಯನಗಿರಿಯ ಮಂಜು, ಕೆಮ್ಮಣ್ಣುಗುಂಡಿಯ ಝಡ್ ಪಾಯಿಂಟ್, ಹೋಮ್‌ಸ್ಟೇ ಹಿಂದಿನ ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂತವರ ರೀಲ್ಸು, ಕೊಟ್ಟಿಗೆಹಾರದ ನೀರುದೋಸೆ. ಎಲ್ಲಾ ಚೆನ್ನಾಗಿದೆ, ನನ್ನದೇನೂ ತಕರಾರಿಲ್ಲ. ನಾನೂ ಅದೇ ಜಿಲ್ಲೆಯವನೇ, ಅದೇ ನೀರುದೋಸೆ ತಿಂದು ಬೆಳೆದವನೇ. ಆದರೆ ಈ ಸಲ ಹೇಳೋಕೆ ಹೊರಟಿರೋದು ವ್ಯೂ ಪಾಯಿಂಟ್ ಬಗ್ಗೆ ಅಲ್ಲ. ಕಳಸದ ಹತ್ತಿರ ಒಂದು ಕಾಫಿ ಕಣದಲ್ಲಿ ಆದ ನಾಟಕದ ಬಗ್ಗೆ, ಮತ್ತೆ ನೂರು ವರ್ಷದ ಹಿಂದೆ ಆ ನಾಟಕ ಬರೆದ, ಕಲ್ಲು-ಅದಿರಿನ ವಿದ್ಯೆ ಓದಿ ಅದನ್ನು ಬಿಟ್ಟುಬಂದ ಮನುಷ್ಯನ ಬಗ್ಗೆ.

ಟಿ. ಪಿ. ಕೈಲಾಸಂ. ತ್ಯಾಗರಾಜ ಪರಮಶಿವ ಕೈಲಾಸಂ. ನಮ್ಮಲ್ಲಿ ಹೆಚ್ಚಿನವರಿಗೆ ಈ ಹೆಸರು ಗೊತ್ತಿರೋದು ಜೋಕುಗಳಿಂದ. ಅವರ ಹೆಸರಲ್ಲಿ ಓಡಾಡೋ ಚಟಾಕಿಗಳು ಎಷ್ಟಿವೆ ಅಂದ್ರೆ, ಅದರಲ್ಲಿ ಕಾಲು ಭಾಗ ಅವರೇ ಹೇಳಿದ್ದಾದರೂ ಅವರು ಜೀವನದಲ್ಲಿ ಬೇರೇನೂ ಮಾಡೋಕೆ ಪುರುಸೊತ್ತು ಇರ್ತಿರಲಿಲ್ಲ. ನಿಜಕ್ಕೂ ಅವರು ಮಾಡಿದ್ದು ದೊಡ್ಡ ಕೆಲಸ. ಮನೆಮಾತು ತಮಿಳಾಗಿದ್ದ ಈ ಮನುಷ್ಯ, ಕನ್ನಡ ನಾಟಕದ ಪಾತ್ರಗಳಿಗೆ ಮನೆಯೊಳಗೆ ನಾವು ಮಾತಾಡೋ ಕನ್ನಡವನ್ನೇ ಕೊಟ್ಟರು. ಬರೆದರು, ತಾವೇ ಆಡಿ ತೋರಿಸಿದರು, ಹಾಡಿದರು.

ಬೆಂಗಳೂರಿನ ನಮ್ಮ ತಂಡದಲ್ಲಿ ಆರು ಜನ. ಎಲ್ಲರೂ ಒಂದೇ ಆಫೀಸು. ಆನ್ಯುಯಲ್ ಡೇಗೆ ಅಂತ ಶುರುವಾಗಿದ್ದು, ಆಮೇಲೆ ಚಟ ಆಯ್ತು. ಕಳೆದ ಮಾರ್ಚ್‌ನಲ್ಲಿ ದೊಡ್ಡಪ್ಪನ ತೋಟದ ಪಕ್ಕದ ಊರಿನ ಸರ್ಕಾರಿ ಶಾಲೆಗೆ ಪುಸ್ತಕದ ಬೀರು ಕೊಡಿಸೋಕೆ ಒಂದು ನಾಟಕ ಆಡೋಣ ಅಂತ ಅಣ್ಣ ಫೋನ್ ಮಾಡಿದ. ಅಣ್ಣ ಅಂದ್ರೆ ದೊಡ್ಡಪ್ಪನ ಮಗ. ತೋಟ ನೋಡಿಕೊಳ್ಳೋದು ಅವನೇ. ನಾವು ಆಗ ತಾನೇ ‘ಟೊಳ್ಳು ಗಟ್ಟಿ’ಯ ರಿಹರ್ಸಲ್ ಮಾಡ್ತಿದ್ವಿ. ಅದನ್ನೇ ತರ್ತೀವಿ ಅಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಅದು ಪಾಸು-ಫೇಲಿಂದಲ್ವನಾ?" ಅಂದ. ಹೌದು ಅಂದೆ. "ಬನ್ನಿ ಬನ್ನಿ, ಅಪ್ಪಯ್ಯನೂ ನೋಡ್ಲಿ" ಅಂತ ನಕ್ಕು ಫೋನ್ ಇಟ್ಟ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ‘ಟೊಳ್ಳು ಗಟ್ಟಿ’ 1918ರ ಹೊತ್ತಿನ ನಾಟಕ. ಒಂದು ಮನೆ, ಇಬ್ಬರು ಗಂಡುಮಕ್ಕಳು. ಪುಟ್ಟು ಪುಸ್ತಕದ ಹುಳು, ಮಾರ್ಕ್ಸಿನ ಮಹಾರಾಜ. ಮಾಧು ಪರೀಕ್ಷೆಯಲ್ಲಿ ಹಿಂದೆ, ಮನುಷ್ಯತ್ವದಲ್ಲಿ ಮುಂದೆ. ಅಪ್ಪನಿಗೆ ಮಾರ್ಕ್ಸ್ ಕಾರ್ಡ್ ಬಿಟ್ಟು ಬೇರೆ ಲೋಕ ಇಲ್ಲ. ಆಮೇಲೆ ಮನೆಗೆ ಬೆಂಕಿ ಬೀಳುತ್ತೆ. ಆಗ ಯಾರು ಯಾವುದರ ಕಡೆಗೆ ಓಡ್ತಾರೆ ಅನ್ನೋದನ್ನ ನಾನು ಹೇಳಲ್ಲ, ಒಂದು ಗಂಟೆಯಲ್ಲಿ ಓದಿ ಮುಗಿಯುತ್ತೆ, ಓದಿ. ನಮ್ಮ ಮನೆಯ ಕಥೆಯೂ ಹೆಚ್ಚು ಕಡಿಮೆ ಇದೇ, ಬೆಂಕಿ ಒಂದು ಬಿಟ್ಟು. ನಾನು ಸಿಇಟಿ ರ‍್ಯಾಂಕು, ಇಂಜಿನಿಯರಿಂಗು, ಕ್ಯಾಂಪಸ್ ಸೆಲೆಕ್ಷನ್ನು. ಅಣ್ಣ ಪಿಯುಸಿ ಸೈನ್ಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ತೋಟಕ್ಕೆ ಇಳಿದವನು. ದೊಡ್ಡಪ್ಪ ಹದಿನಾರು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಅವನಿಗೆ ನನ್ನ ಹೆಸರನ್ನು ಉಪ್ಪಿನಕಾಯಿಯ ಹಾಗೆ ಬಡಿಸ್ತಾ ಬಂದಿದ್ದಾರೆ. ನಾನು ಹಬ್ಬಕ್ಕೆ ಹೋದಾಗಲೂ ಬಿಡಲ್ಲ. ಆಗ ನಾನೂ ಅವನೂ ಎಲೆ ನೋಡ್ಕೊಂಡು ಊಟ ಮಾಡ್ತೀವಿ.

ಶುಕ್ರವಾರ ಬೆಳಗಿನ ಜಾವ ಎರಡು ಕಾರಲ್ಲಿ ಹೊರಟ್ವಿ. ಚಿಕ್ಕಮಗಳೂರಿನಲ್ಲಿ ನಮ್ಮ ಮನೆಯಲ್ಲಿ ಒಂದು ಕಾಫಿ ಬ್ರೇಕು. ಅಜ್ಜಿಗೆ ನಾಟಕ ಆಡೋಕೆ ಹೋಗ್ತಿದ್ದೀವಿ ಅಂತ ಗೊತ್ತಾಗಿದ್ದೇ ತಡ, ಮಂಚದಿಂದ ಎದ್ದು ಕೂತರು. ಅವರ ಕಾಲದಲ್ಲಿ ನಾಟಕ ಅಂದ್ರೆ ಕಂಪನಿ ನಾಟಕ. ಕಾಫಿ ಕುಯ್ಲು ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡೋ ಹೊತ್ತಿಗೆ ಕಂಪನಿಯವರು ಊರಿಗೆ ಬಂದು ಕ್ಯಾಂಪ್ ಹಾಕ್ತಿದ್ರಂತೆ. ತಗಡಿನ ಥಿಯೇಟರ್ರು, ಅರಮನೆ-ಕಾಡು-ಬೀದಿ ಬರೆದ ಪರದೆಗಳು, ಮುಂದೆ ಹಾರ್ಮೋನಿಯಂ ಮೇಷ್ಟ್ರು. ರಾಜ ಸಾಯೋಕೆ ಮುಂಚೆ ಒಂದು ಹಾಡು, ಚೆನ್ನಾಗಿ ಹಾಡಿದ್ರೆ ಜನ ಒನ್ಸ್‌ಮೋರ್ ಅಂತಾರೆ, ಸತ್ತ ರಾಜ ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯ್ತಾನೆ. "ಗುಬ್ಬಿ ಕಂಪ್ನಿ ನಾಟಕ ನೋಡಿದೋರಿಗೆ ನಿಮ್ ಟೀವಿ ಏನು ಲೆಕ್ಕನೋ" ಅಂದ್ರು ಅಜ್ಜಿ. ತಪ್ಪೇನಿಲ್ಲ. ಗುಬ್ಬಿ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ-ಕುದುರೆಗಳನ್ನೇ ರಂಗಕ್ಕೆ ತಂದವರು. ನಾವು ಎರಡು ಕಾರಿನಲ್ಲಿ ತಂದಿದ್ದು ಒಂದು ಟೋಪಿ ಸ್ಟ್ಯಾಂಡು, ಒಂದು ಬ್ಲೂಟೂತ್ ಸ್ಪೀಕರು, ಮೂರು ಪೇಟ.

ಕೈಲಾಸಂ ಎದುರುಹಾಕಿಕೊಂಡಿದ್ದು ಈ ವೈಭವವನ್ನೇ. ಅವರಿಗೆ ಅರಮನೆಯ ಪರದೆ ಬೇಕಿರಲಿಲ್ಲ. ಒಂದು ಪಡಸಾಲೆ, ಒಂದು ಮೇಜು, ನಾಲ್ಕು ಕುರ್ಚಿ, ಪಕ್ಕದ ಮನೆಯವರಿಗೆ ಕೇಳಿಸಬಾರದು ಅಂತ ಪಿಸುಗುಟ್ಟೋ ಜಗಳ, ಇಷ್ಟು ಸಾಕು. ಕಂಪನಿ ನಾಟಕಗಳನ್ನ ಗೇಲಿ ಮಾಡೋಕೇ ‘ನಮ್ ಕಂಪ್ನಿ’ ಅಂತ ಒಂದು ನಾಟಕ ಬರೆದರು. ಬೆಂಗಳೂರಿನಲ್ಲಿ 1909ರಲ್ಲಿ ಶುರುವಾಗಿದ್ದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್‌ನಂಥ ಹವ್ಯಾಸಿ ಸಂಘಗಳು ಆಗ ಹೊಸ ತರಹದ ನಾಟಕಕ್ಕೆ ಕಾಯ್ತಿದ್ವು. ಹಗಲು ಕಚೇರಿ ಕೆಲಸ, ಸಂಜೆ ನಾಟಕ ಅನ್ನೋ ಜನ. ಅಂದ್ರೆ ನಮ್ಮಂಥವರು. ಲ್ಯಾಪ್‌ಟಾಪ್ ಬದಲು ಫೈಲು ಇತ್ತು ಅಷ್ಟೇ.

ಮೂಡಿಗೆರೆ ದಾಟಿ ಬಣಕಲ್, ಕೊಟ್ಟಿಗೆಹಾರ. ಅಲ್ಲಿ ದಾರಿ ಸೀಳುತ್ತೆ. ಎಲ್ಲರೂ ನೇರ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗ್ತಾರೆ. ನಾವು ಬಾಳೂರು, ಜಾವಳಿ ಕಡೆ ತಿರುಗಿದ್ವಿ. ಜಾವಳಿಯಲ್ಲಿ ಹೇಮಾವತಿಯ ಮೂಲ ಇದೆ. ಗೊರೂರು ಅಣೆಕಟ್ಟೆಯಲ್ಲಿ ಸಮುದ್ರದ ಹಾಗೆ ಕಾಣೋ ನದಿ ಇಲ್ಲಿ ದೇವಸ್ಥಾನದ ಪುಟ್ಟ ಕೊಳ. ಅಲ್ಲಿಂದ ಮುಂದೆ ರಸ್ತೆ ಕಿರಿದಾಗುತ್ತಾ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೂರಿನ ಟೀ ಗುಡ್ಡ, ಸಿಗ್ನಲ್ ಬರೋದು ಹೋಗೋದು. ನಮ್ಮ ಮ್ಯಾನೇಜರ್ರೂ ತಂಡದಲ್ಲಿದ್ದಾರೆ, ಮಂಡ್ಯದವರು, ಅಪ್ಪನ ಪಾತ್ರ ಅವರದ್ದೇ. ಸಿಗ್ನಲ್ ಹೋದ ಕೂಡಲೇ ಅವರ ಮುಖದಲ್ಲಿ ಬಂದ ನೆಮ್ಮದಿಯನ್ನ ನಾನು ಆಫೀಸಿನಲ್ಲಿ ಎಂದೂ ನೋಡಿಲ್ಲ.

ಕಳಸ ಹತ್ತಿರವಾಗ್ತಿದ್ದ ಹಾಗೆ ಬಲಕ್ಕೆ ಮೇರುತಿ ಗುಡ್ಡ, ದೂರದಲ್ಲಿ ಕುದುರೆಮುಖದ ಸಾಲು ಕಾಣಿಸಿತು. 1,894 ಮೀಟರ್ ಎತ್ತರ. ಇಲ್ಲೇ ಕೈಲಾಸಂ ಕಥೆ ಈ ಬೆಟ್ಟಗಳಿಗೆ ತಾಗೋದು. 1913ರಲ್ಲಿ ಈ ಕುದುರೆಮುಖದಲ್ಲಿ ಕಬ್ಬಿಣದ ಅದಿರು ಇದೆ ಅಂತ ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್. ಆಗ ಕೈಲಾಸಂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಭೂವಿಜ್ಞಾನವನ್ನೇ ಓದ್ತಾ ಇದ್ದರು. ಹಗಲು ಕಲ್ಲು, ರಾತ್ರಿ ನಾಟಕ. ಲಂಡನ್ನಿನ ಥಿಯೇಟರುಗಳನ್ನೂ ಮ್ಯೂಸಿಕ್ ಹಾಲುಗಳನ್ನೂ ಅರೆದು ಕುಡಿದು 1915ರಲ್ಲಿ ವಾಪಸ್ ಬಂದವರು ಸೇರಿದ್ದು ಇದೇ ಇಲಾಖೆಯನ್ನ. ತಂದೆ ಪರಮಶಿವ ಅಯ್ಯರ್ ಮೈಸೂರಿನ ನ್ಯಾಯಾಧೀಶರು, ಮಗ ಲಂಡನ್ ರಿಟರ್ನ್ಡ್, ಸರ್ಕಾರಿ ನೌಕರಿ. ಇವತ್ತಿನ ಲೆಕ್ಕದಲ್ಲಿ ವಿದೇಶದ ಎಂಎಸ್ ಮಾಡಿ ಬಂದು ಒಳ್ಳೆ ಕಂಪನಿಯಲ್ಲಿ ಸೀನಿಯರ್ ಪೋಸ್ಟ್ ಹಿಡಿದ ಹಾಗೆ. ಕೆಲವೇ ವರ್ಷದಲ್ಲಿ ಅದನ್ನ ಬಿಟ್ಟರು. ಆಮೇಲೆ ಸಾಯೋವರೆಗೂ ನಾಟಕ.

ಬಿಟ್ಟಿದ್ದು ಸುಲಭದ ಮಾತಲ್ಲ. ‘ಪ್ಯಾಶನ್ ಫಾಲೋ ಮಾಡಿ’ ಅಂತ ಲಿಂಕ್ಡ್‌ಇನ್‌ನಲ್ಲಿ ಬರೆಯೋರು ಕೈಲಾಸಂ ಕೊನೆಯ ವರ್ಷಗಳನ್ನ ಓದಬೇಕು. ದುಡ್ಡು ನಿಲ್ಲಲಿಲ್ಲ, ಆರೋಗ್ಯ ನಿಲ್ಲಲಿಲ್ಲ, ಸಿಗರೇಟು ಮಾತ್ರ ಆರಲಿಲ್ಲ. ‘ನೂಕ್’ ಅಂತ ಹೆಸರಿಟ್ಟುಕೊಂಡಿದ್ದ ಕೋಣೆಯಲ್ಲಿ ರಾಶಿ ರಾಶಿ ಕಸದ ಮಧ್ಯೆ ಕೂತು, ಗೆಳೆಯರಿಗೆ ರಾತ್ರಿಯೆಲ್ಲ ನಾಟಕ ಹೇಳ್ತಿದ್ರು. ಹೇಳ್ತಿದ್ರು ಅಂತಲೇ ಬರೆದೆ, ಗಮನಿಸಿ. ಕೂತು ಬರೆಯೋ ಜಾಯಮಾನ ಅವರದ್ದಲ್ಲ. ಎಲ್ಲಾ ಪಾತ್ರಗಳನ್ನೂ ತಾವೇ ಆಡ್ತಾ, ದನಿ ಬದಲಾಯಿಸ್ತಾ ಹೋಗೋರು, ಕೇಳಿಸಿಕೊಂಡವರು ಬರೆದಿಟ್ಟುಕೊಳ್ಳೋರು. ಯಾರೂ ಬರೆದುಕೊಳ್ಳದ ರಾತ್ರಿಗಳಲ್ಲಿ ಹೇಳಿದ ನಾಟಕಗಳು ಹಾಗೇ ಗಾಳಿಗೆ ಹೋದವು. ವಾಟ್ಸಾಪ್ ವಾಯ್ಸ್ ನೋಟ್ ಆಗ ಇದ್ದಿದ್ರೆ ಕನ್ನಡಕ್ಕೆ ಇನ್ನೊಂದಿಷ್ಟು ನಾಟಕ ಉಳೀತಿತ್ತು.

ಎರಡು ವರ್ಷದ ಹಿಂದೆ ಆಫೀಸಿನ ಕೆಲಸಕ್ಕೆ ನ್ಯೂಯಾರ್ಕಿಗೆ ಹೋದಾಗ ಟೈಮ್ಸ್ ಸ್ಕ್ವೇರಿನಲ್ಲಿ ಒಂದು ಪ್ರತಿಮೆ ನೋಡಿದ್ದೆ. ಜಾರ್ಜ್ ಎಂ. ಕೋಹನ್. 1900ರ ದಶಕದಲ್ಲಿ ಬ್ರಾಡ್‌ವೇಯನ್ನ ಆಳಿದ ಮನುಷ್ಯ. ನಾಟಕ ತಾನೇ ಬರೆದು, ಹಾಡು ತಾನೇ ಕಟ್ಟಿ, ತಾನೇ ಕುಣಿದು, ನಿರ್ಮಾಣವನ್ನೂ ತಾನೇ ಮಾಡಿದವನು. ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದ 1917ರಲ್ಲಿ ಅವನು ಕಟ್ಟಿದ ‘ಓವರ್ ದೇರ್’ ಹಾಡನ್ನ ಸೈನಿಕರೆಲ್ಲ ಹಾಡಿದರು. ಅದೇ ಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬಾಯಲ್ಲಿದ್ದದ್ದು ಟಿಪ್ಪರರಿ ಎಂಬ ಊರಿನ ಹಾಡು. ಕೈಲಾಸಂ ಏನು ಮಾಡಿದರು? ಆ ಟಿಪ್ಪರರಿಯನ್ನ ತಿಪ್ಪಾರಹಳ್ಳಿ ಮಾಡಿ ಕನ್ನಡಕ್ಕೆ ತಂದರು! ಮ್ಯೂಸಿಕ್ ಹಾಲಿನ ಇನ್ನೊಂದು ಹಾಡು, ಕಾನ್‌ಸ್ಟಾಂಟಿನೋಪಲ್ ಅನ್ನೋ ಹೆಸರಿನ ಅಕ್ಷರಗಳನ್ನ ಕುಣಿಸೋದು, ಅವರ ಕೈಯಲ್ಲಿ ‘ಕೋಳೀಕೆ ರಂಗ’ ಆಯ್ತು. ಇವತ್ತಿಗೂ ಕಾಲೇಜ್ ಟ್ರಿಪ್ಪಿನ ಬಸ್ಸಲ್ಲಿ ಅದನ್ನ ಕಿರುಚೋರಿದ್ದಾರೆ, ಅದರ ಹಿಂದೆ ಲಂಡನ್ ಇದೆ ಅಂತ ಗೊತ್ತಿಲ್ಲದೆ. ಕೋಹನ್ನಿಗೆ ಕಂಚಿನ ಪ್ರತಿಮೆ ಸಿಕ್ಕಿತು, ನಮ್ಮವರಿಗೆ ಬಸ್ಸಿನ ಹಿಂದಿನ ಸೀಟು. ನನ್ನನ್ನ ಕೇಳಿದ್ರೆ ಎರಡನೆಯದೇ ಮೇಲು.

ಸಂಸೆ ಕಡೆಗೆ ಹೋಗೋ ದಾರಿಯಲ್ಲಿ ದೊಡ್ಡಪ್ಪನ ತೋಟ. ಮುಟ್ಟಿದಾಗ ಮಧ್ಯಾಹ್ನ ಆಗಿತ್ತು. ಆಗಲೇ ಕೆಟ್ಟ ಸುದ್ದಿ ಕಾದಿತ್ತು. ಮಾಧು ಪಾತ್ರ ಮಾಡಬೇಕಿದ್ದ ಹುಡುಗ ಹಿಂದಿನಿಂದ ಬಸ್ಸಲ್ಲಿ ಬರೋನಿದ್ದ, ಪ್ರೊಡಕ್ಷನ್ ಇಶ್ಯೂ ಬಂದು ಲ್ಯಾಪ್‌ಟಾಪ್ ಮುಂದೆ ಸಿಕ್ಕಿಹಾಕಿಕೊಂಡ. ನಾಟಕ ಶನಿವಾರ ಸಂಜೆ. ಶಾಲೆ ಮೇಷ್ಟ್ರು ಮನೆಮನೆಗೆ ಹೋಗಿ ಹೇಳಿ ಬಂದಾಗಿದೆ. ನಾವೆಲ್ಲ ಜಗಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಪಲ್ಪರ್ ಮನೆಯಿಂದ ಬಂದ ಅಣ್ಣ ಕೈ ಒರೆಸಿಕೊಳ್ತಾ ಕೇಳಿದ, "ಎಷ್ಟು ಮಾತಿದೆ ಅದಕ್ಕೆ?"

ದೊಡ್ಡಮ್ಮ ನನ್ನನ್ನ ಅಡುಗೆಮನೆಗೆ ಕರೆದರು. ಕಡುಬಿನ ಪಾತ್ರೆ ಒಲೆ ಮೇಲಿಟ್ಟು, ದನಿ ತಗ್ಗಿಸಿ, "ಬೇರೆ ಎಂತದೂ ನಾಟಕ ಸಿಕ್ಲಿಲ್ವನಾ ನಿಮಗೆ? ಅವ್ರು ಎಲ್ಲರ ಮುಂದೆ ಬೇಜಾರು ಮಾಡ್ಕೊಂಡ್ರೆ?" ಅಂದ್ರು. ಅಣ್ಣ ಹಿಂದೆಯೇ ಬಂದಿದ್ದ. "ಮಾಡ್ಕೊಳ್ಲಿ ಬಿಡಮ್ಮ. ಹದಿನಾರು ವರ್ಷ ನಾನು ಮಾಡ್ಕೊಂಡಿಲ್ವಾ?" ಅಂದ. ನಗ್ತಾನೇ ಅಂದಿದ್ದು. ದೊಡ್ಡಮ್ಮ ಮತ್ತೆ ಮಾತಾಡಲಿಲ್ಲ, ಕಡುಬಿನ ಮುಚ್ಚಳ ಸುಮ್ಮನೆ ಒಂದು ಸಲ ತೆಗೆದು ಹಾಕಿದರು.

ಪುಟ್ಟು ನಾನೇ. ಪಾತ್ರ ಹಂಚುವಾಗ ಚರ್ಚೆಯೇ ಆಗಿರಲಿಲ್ಲ, ಎಲ್ಲರೂ ಒಟ್ಟಿಗೆ ನನ್ನ ಕಡೆ ನೋಡಿದ್ರು ಅಷ್ಟೆ.

ರಾತ್ರಿ ಓದೋಕೆ ಕೂತಾಗ ಹೊಸ ತೊಂದರೆ. ಕೈಲಾಸಂ ಬರೆಸಿದ್ದು ಹಳೇ ಮೈಸೂರಿನ ಬ್ರಾಹ್ಮಣರ ಮನೆ ಕನ್ನಡ. ಅದನ್ನ ಕೇಳಿಸಿದ ಹಾಗೇ ಅಚ್ಚು ಹಾಕಿದ್ದಾರೆ. ಸ್ವರ ನುಂಗಿ, ಒತ್ತಕ್ಷರ ಜೋಡಿಸಿ, ಮಧ್ಯೆ ಇಂಗ್ಲಿಷ್ ಪದಗಳನ್ನ ಹಾಗೇ ತುರುಕಿ. ಫೋನಲ್ಲಿ ಪಿಡಿಎಫ್ ತೆಗೆದು ಕಣ್ಣಲ್ಲಿ ಓದಿದ್ರೆ ತಲೆ ಕೆಡುತ್ತೆ, ಎರಡು ಪುಟಕ್ಕೆ ಬಿಟ್ಟುಬಿಡ್ತೀರಿ. ಜೋರಾಗಿ ಓದಿ ನೋಡಿ. ತಟ್ಟನೆ ಬಿಚ್ಚಿಕೊಳ್ಳುತ್ತೆ. ಅದು ಕಣ್ಣಿಗೆ ಬರೆದದ್ದಲ್ಲ, ಬಾಯಿಗೆ ಬರೆದದ್ದು. ಕಂಗ್ಲಿಷ್ ಅಂತ ಆ ಕಾಲದಲ್ಲಿ ಕೆಲವರು ಮೂಗು ಮುರಿದಿದ್ದರು. ಇವತ್ತು ನಮ್ಮ ಆಫೀಸಿನ ಲಂಚ್ ಟೇಬಲ್ಲಿನಲ್ಲಿ ಕೂತು ಐದು ನಿಮಿಷ ಕೇಳಿಸಿಕೊಂಡ್ರೆ ಕೈಲಾಸಂ ಎಷ್ಟು ಸರಿಯಾಗಿ ಕಿವಿ ಕೊಟ್ಟಿದ್ದರು ಅಂತ ಗೊತ್ತಾಗುತ್ತೆ. ಓದಿದವರು ದೊಡ್ಡಸ್ತಿಕೆ ತೋರಿಸೋಕೆ ಯಾವ ಪದವನ್ನ ಇಂಗ್ಲಿಷಿನಲ್ಲಿ ಹೇಳ್ತಾರೆ, ಸಿಟ್ಟು ಬಂದಾಗ ಯಾವುದು ಕನ್ನಡಕ್ಕೆ ವಾಪಸ್ ಬರುತ್ತೆ ಅನ್ನೋದು ಕೂಡ ಅವರಿಗೆ ಗೊತ್ತಿತ್ತು.

ಅಣ್ಣನ ಬಾಯಿಗೆ ಮಾತ್ರ ಅದು ಹೊಂದಲಿಲ್ಲ. ಎರಡು ಸಾಲು ಹೇಳಿ ಮೂರನೇದಕ್ಕೆ ಕಳಸದ ಕನ್ನಡಕ್ಕೆ ಜಾರ್ತಿದ್ದ. ನಮ್ಮ ತಂಡದಲ್ಲಿ ಶುದ್ಧ ಪಠ್ಯದ ಪಕ್ಷಪಾತಿ ಒಬ್ಬಳಿದ್ದಾಳೆ, ತಾಯಿ ಪಾತ್ರದವಳು, ಅವಳು ತಡೆದು ತಡೆದು ತಿದ್ದಿದಳು. ಅಣ್ಣ ಕೊನೆಗೆ, "ಮಾರಾಯ್ತಿ, ಅವ್ರು ಅವರ ಮನೆ ಮಾತು ಬರೆದ್ರು. ನಾನು ನಮ್ಮನೆ ಮಾತು ಆಡ್ತೆ. ಆಗಲ್ವಾ?" ಅಂದ. ಮ್ಯಾನೇಜರ್ ತೀರ್ಪು ಕೊಟ್ಟರು: ಆಗುತ್ತೆ. ಅವರೇ ಅಪ್ಪನ ಪಾತ್ರವನ್ನ ಮಂಡ್ಯ ಶೈಲಿಯಲ್ಲಿ ಆಡ್ತಿದ್ದರು ಅನ್ನೋದನ್ನ ಯಾರೂ ಎತ್ತಲಿಲ್ಲ.

ಇನ್ನೊಂದು ಆತಂಕ ಆಕಾಶದ್ದು. ಮಾರ್ಚ್‌ನಲ್ಲಿ ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಹೂಮಳೆಗೆ ಕಾಯ್ತಾ ಇರುತ್ತೆ. ಹದವಾಗಿ ಒಂದು ಇಂಚು ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಊರೆಲ್ಲ ಮಲ್ಲಿಗೆಯ ಹಾಗೆ ಘಮ. ಬೀಳದಿದ್ದರೆ ಹಳ್ಳದಿಂದ ಪಂಪ್ ಇಟ್ಟು ಸ್ಪ್ರಿಂಕ್ಲರ್ ಓಡಿಸಬೇಕು, ಹಳ್ಳ ಆಗಲೇ ಬತ್ತಿರುತ್ತೆ. ಅರ್ಧಂಬರ್ಧ ಬಿದ್ದರೆ ಇನ್ನೂ ಕಷ್ಟ, ಮೊಗ್ಗು ಕೆಟ್ಟು ಹೋಗುತ್ತೆ. ಅಂದ್ರೆ ಮುಂದಿನ ವರ್ಷದ ಬೆಳೆ ಈ ಒಂದು ಮಳೆಯ ಮೇಲೆ ನಿಂತಿದೆ. ನಮ್ಮ ಪ್ರೇಕ್ಷಕರೆಲ್ಲ ಮಳೆ ಬರಲಿ ಅಂತ ಕಳಸೇಶ್ವರನಿಗೆ ಕೈ ಮುಗೀತಿದ್ದಾರೆ. ನಾವು ಶನಿವಾರ ಒಂದಿನ ಬರದಿರಲಿ ಅಂತ ಅದೇ ದೇವರಿಗೆ ಕೈ ಮುಗೀತಿದ್ದೀವಿ. ಆತ ಯಾರ ಮಾತು ಕೇಳಬೇಕು ಹೇಳಿ? ನಾವು ಆರು ಜನ, ಅವರು ಇಡೀ ಹೋಬಳಿ.

ಶನಿವಾರ ಸಂಜೆ ಕಣದಲ್ಲಿ ನೂರೈವತ್ತು ಜನ ಸೇರಿದ್ದರು. ಮುಂದೆ ಶಾಲೆ ಮಕ್ಕಳು ಟಾರ್ಪಾಲಿನ ಮೇಲೆ. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಕ್ಕಪಕ್ಕದ ತೋಟದವರು. ಒಂದು ಬದಿಗೆ ಲೈನ್ ಮನೆಯವರು. ಅದರಲ್ಲಿ ಅಸ್ಸಾಮಿನ ಹತ್ತು ಹದಿನೈದು ಜನ, ಅವರಿಗೆ ಕನ್ನಡವೇ ಅರ್ಧಂಬರ್ಧ. ಬಾಗಲಕೋಟೆ ಕಡೆಯ ನಾಲ್ಕು ಸಂಸಾರ. ಕಣದ ಇನ್ನೊಂದು ತುದಿಯಲ್ಲಿ ಒಣಗೋಕೆ ಹಾಕಿದ ರೊಬಸ್ಟಾ ಇನ್ನೂ ಇತ್ತು, ಗುಡ್ಡೆ ಮಾಡಿ ಇಟ್ಟಿದ್ದರು.

ಮೇಷ್ಟ್ರು ನಾಟಕದ ಹೆಸರು ಹೇಳಿ, ಟೊಳ್ಳು ಅಂದ್ರೇನು, ಗಟ್ಟಿ ಅಂದ್ರೇನು ಅಂತ ಮಕ್ಕಳನ್ನ ಕೇಳಿದರು. ಮಕ್ಕಳು ಬಾಯಿ ಬಿಡೋಕೆ ಮುಂಚೆ ಹಿಂದಿನಿಂದ ನಮ್ಮ ತೋಟದ ರೈಟರು ಕೂಗಿದರು, "ಕಾಫಿ ಹಣ್ಣು ನೀರಿಗೆ ಹಾಕಿದ್ರೆ ಮೇಲೆ ತೇಲೋದು ಟೊಳ್ಳು, ತಳ ಸೇರೋದು ಗಟ್ಟಿ ಸಾರ್!" ಕಣವೆಲ್ಲ ನಗು. ಪಲ್ಪರ್‌ಗೆ ಹಾಕೋ ಮುಂಚೆ ಇಲ್ಲಿ ದಿನಾ ಮಾಡೋ ಕೆಲಸ ಅದು. ಬೆಂಗಳೂರಿನಲ್ಲಿ ಈ ಶೀರ್ಷಿಕೆಯನ್ನ ವಿವರಿಸೋಕೆ ನಾವು ಪೋಸ್ಟರಿನಲ್ಲಿ ಎರಡು ಸಾಲು ಬರೆದಿದ್ವಿ.

ಇಪ್ಪತ್ತು ನಿಮಿಷ ಚೆನ್ನಾಗಿ ಹೋಯ್ತು. ಆಮೇಲೆ ಕುದುರೆಮುಖದ ಕಡೆಯಿಂದ ಒಂದು ಗಾಳಿ ಬಂತು. ಟೋಪಿ ಸ್ಟ್ಯಾಂಡು ಬಿತ್ತು. ಮೊದಲ ದಪ್ಪ ಹನಿ ಬಿದ್ದಾಗ ನಾನು ಪುಟ್ಟುವಾಗಿ ಏನೋ ಹೇಳ್ತಿದ್ದೆ, ಎದುರಿಗಿದ್ದ ಮಾಧು ಇರಲಿಲ್ಲ. ಪೇಟ ಕಟ್ಟಿದ್ದ ಹಾಗೇ ಹಾರಿ ರೊಬಸ್ಟಾ ಕಡೆ ಓಡಿದ್ದ. ಅವನ ಹಿಂದೆ ರೈಟರು, ಲೈನ್ ಮನೆಯವರು, ಕುರ್ಚಿಯಲ್ಲಿದ್ದವರು, ಟಾರ್ಪಾಲಿನ ಮೇಲಿದ್ದ ಮಕ್ಕಳನ್ನ ಎಬ್ಬಿಸಿ ಆ ಟಾರ್ಪಾಲನ್ನೇ ಎಳೆದುಕೊಂಡು ಮೇಷ್ಟ್ರು. ನಾನೂ ಒಂದು ತುದಿ ಹಿಡಿದೆ. ಎರಡು ನಿಮಿಷದಲ್ಲಿ ಗುಡ್ಡೆ ಮುಚ್ಚಿ, ಅಂಚಿಗೆ ಕಲ್ಲು ಹೇರಿ ಆಯ್ತು. ಆಮೇಲೆ ಯಾರೂ ಓಡಲಿಲ್ಲ. ಮಳೆಯಲ್ಲಿ ಹಾಗೇ ನಿಂತರು. ಮುಖ ಮೇಲೆತ್ತಿಕೊಂಡು, ಒಬ್ಬರ ಮುಖ ಒಬ್ಬರು ನೋಡಿಕೊಂಡು. ಮೇಲಿನ ತೋಟದ ಒಬ್ಬ ಅಜ್ಜ ಕೊಡೆಯನ್ನ ಕಂಕುಳಲ್ಲಿ ಇಟ್ಟುಕೊಂಡೇ ನೆನೀತಿದ್ದರು. ಇಷ್ಟು ದೊಡ್ಡ ಚಪ್ಪಾಳೆ ನಮ್ಮ ನಾಟಕಕ್ಕೆ ಖಂಡಿತ ಬೀಳ್ತಿರಲಿಲ್ಲ.

ಅರ್ಧ ಗಂಟೆ ಆಯ್ತು, ಮಳೆ ನಿಲ್ಲೋ ಲಕ್ಷಣ ಇಲ್ಲ. ಕರೆಂಟೂ ಹೋಯ್ತು. ಇನ್ನೇನು ಎಲ್ಲರೂ ಮನೆಗೆ ಹೊರಡ್ತಾರೆ ಅಂದುಕೊಂಡೆ. ದೊಡ್ಡಪ್ಪ ಜಗಲಿಯಲ್ಲಿ ತಮ್ಮ ಆರಾಮ ಕುರ್ಚಿಯಲ್ಲಿ ಕೂತೇ, "ಅರ್ಧ ನೋಡಿ ಹೋಗೋದು ಎಂತ? ಒಳಗೆ ಆಡಿ" ಅಂದ್ರು.

ಹಾಗಾಗಿ ಉಳಿದ ನಾಟಕ ನಡೆದದ್ದು ನಮ್ಮ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ. ಎರಡು ಇನ್ವರ್ಟರ್ ಬಲ್ಬು, ಒಂದು ಎಮರ್ಜೆನ್ಸಿ ಲ್ಯಾಂಪು. ಜನ ಜಗಲಿ ತುಂಬ, ಕಿಟಕಿ ತುಂಬ, ಅಟ್ಟದ ಮೆಟ್ಟಿಲ ತುಂಬ. ನಮ್ಮ ಸೆಟ್ಟಿನ ಕುರ್ಚಿ ಮಳೆಯಲ್ಲಿ ಬಿದ್ದಿತ್ತು. ಅಪ್ಪನ ಪಾತ್ರಕ್ಕೆ ಕುರ್ಚಿ ಬೇಕು, ಇದ್ದದ್ದು ದೊಡ್ಡಪ್ಪನದ್ದೊಂದೇ, ಅವರು ಏಳಲಿಲ್ಲ. ಮ್ಯಾನೇಜರ್ ಅವರ ಪಕ್ಕದಲ್ಲೇ ನಿಂತುಕೊಂಡು ಆಡಿದರು. ಮಾರ್ಕ್ಸಿನ ಮಾತು ಬಂದಾಗೆಲ್ಲ ಒಬ್ಬ ಅಪ್ಪ ನಿಂತು ಗದರ್ತಿದ್ದಾನೆ, ಇನ್ನೊಬ್ಬ ಅಪ್ಪ ಪಕ್ಕದಲ್ಲಿ ಕೂತು ಕೇಳ್ತಿದ್ದಾನೆ. ಕಿಟಕಿಯಿಂದ ಯಾರೋ ಅಮ್ಮ, "ನಿಮ್ಮನ್ನ ನೋಡೇ ಬರೆದಾಂಗಿದೆ ಮಾರಾಯ್ರೆ!" ಅಂದರು. ಅಟ್ಟದ ಮೆಟ್ಟಿಲಿನಿಂದ ನಗು. ದೊಡ್ಡಪ್ಪ ಕಣ್ಣು ಮಿಟುಕಿಸಲಿಲ್ಲ. ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದರು.

ಕೈಲಾಸಂ ನಾಟಕ ಪಡಸಾಲೆಗೇ ಹುಟ್ಟಿದ್ದು ಅಂತ ಪುಸ್ತಕದಲ್ಲಿ ಓದಿದ್ದೆ, ಅವತ್ತು ಕಣ್ಣಾರೆ ನೋಡಿದೆ. ಕಣದಲ್ಲಿ ನಾವು ಮೈಕಿಗೆ ಕೂಗ್ತಿದ್ವಿ. ಒಳಗೆ ಬಂದ ಮೇಲೆ ಪಿಸುಮಾತು ಕೂಡ ಎಲ್ಲರಿಗೂ ಕೇಳಿಸ್ತಿತ್ತು. ಅಣ್ಣನಂತೂ ಮೈಯೆಲ್ಲ ಒದ್ದೆ, ಪಾದಕ್ಕೆ ಕಾಫಿ ಸಿಪ್ಪೆ ಅಂಟಿಕೊಂಡಿದೆ, ಅರ್ಧ ಕೈಲಾಸಂ ಮಾತು, ಅರ್ಧ ಕಳಸದ ಮಾತು. ಕನ್ನಡ ಬಾರದ ಅಸ್ಸಾಮಿನ ಹುಡುಗರೂ ಅವನ ಮುಖ ನೋಡಿ ನಗ್ತಿದ್ದರು, ಬೆಂಕಿಯ ದೃಶ್ಯದಲ್ಲಿ ಸುಮ್ಮನಾದರು. ಅವನು ನಟಿಸ್ತಿದ್ದಾನೆ ಅಂತ ಎದುರಿಗೆ ನಿಂತಿದ್ದ ನನಗೂ ಅನ್ನಿಸಲಿಲ್ಲ. ಅಪ್ಪ ಬೈಯುವಾಗ ಅವನು ನೆಲ ನೋಡೋ ರೀತಿ ಊಟದ ಎಲೆ ನೋಡೋ ರೀತಿಯೇ ಆಗಿತ್ತು. ನನಗೆ ಒಂದು ಮಾತು ಮರೆತು ಹೋಯ್ತು, ತಾಯಿ ಪಾತ್ರದವಳು ಹಿಂದಿನಿಂದ ಹೇಳಿಕೊಟ್ಟಳು.

ನಾಟಕದ ಬಗ್ಗೆ ನನಗೆ ದೂರುಗಳೂ ಇವೆ. ಕೊನೆಯಲ್ಲಿ ಪಾತ್ರಗಳು ಸ್ವಲ್ಪ ಭಾಷಣ ಮಾಡ್ತವೆ, ನಾವು ಅಲ್ಲಿ ಕತ್ತರಿ ಹಾಕಿದ್ವಿ. ಕೈಲಾಸಂ ಲೋಕವೂ ಚಿಕ್ಕದು. ಲಾಯರುಗಳು, ಗುಮಾಸ್ತರು, ಹಳೇ ಬೆ‌ಂಗಳೂರು-ಮೈಸೂರಿನ ಮೇಲ್ಜಾತಿಯ ನಡುಮನೆ. ಕಾಫಿ ಕುಯ್ಯೋ ಕೈಗಳು ಅಲ್ಲಿ ಕಾಣಲ್ಲ. ನಾಟಕ ಮುಗಿದ ಮೇಲೆ ಬಾಗಲಕೋಟೆಯ ಒಬ್ಬರು ನನ್ನ ಹತ್ತಿರ ಬಂದು, "ಹಾಡಿಲ್ಲದ ನಾಟಕ ಎಂಥಾ ನಾಟಕರೀ?" ಅಂತ ನೇರವಾಗಿ ಕೇಳಿದರು. ಅವರು ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳನ್ನ ವರ್ಷ ವರ್ಷ ನೋಡಿ ಬಂದವರು. ಅಲ್ಲಿ ಕಂಪನಿ ನಾಟಕ ಇನ್ನೂ ಜೀವಂತ, ಟಿಕೆಟ್ ಮಾರಿ ಹೊಟ್ಟೆ ಹೊರೆಯುತ್ತೆ. ಗೇಲಿ ಮಾಡಿದ ಕೈಲಾಸಂ ನಾಟಕಕ್ಕೆ ಇವತ್ತು ನಮ್ಮಂಥ ಶನಿವಾರದ ಗಿರಾಕಿಗಳೇ ಗತಿ. ಈ ಲೆಕ್ಕ ಕೈಲಾಸಂಗೆ ಖಂಡಿತ ನಗು ತರಿಸ್ತಿತ್ತು.

ಅವರ ಬಗ್ಗೆ ನನಗೆ ಹೆಚ್ಚು ಕಾಡಿದ ವಿಷಯ ಬೇರೆ. ಇಂಗ್ಲಿಷಿನಲ್ಲೂ ಅವರು ನಾಟಕ ಬರೆದರು, ಅಲ್ಲಿ ನಗೆಯೇ ಇಲ್ಲ, ಎಲ್ಲಾ ರಾಮಾಯಣ-ಮಹಾಭಾರತದ ಗಂಭೀರ ವಸ್ತು. ಆದರೆ ಆರಿಸಿಕೊಂಡ ಜನ ಯಾರು ನೋಡಿ. ‘ಪರ್ಪಸ್’ನಲ್ಲಿ ಏಕಲವ್ಯ. ಇನ್ನೊಂದರಲ್ಲಿ ಕರ್ಣ. ಇಬ್ಬರಿಗೂ ವಿದ್ಯೆ ಇತ್ತು, ಸರ್ಟಿಫಿಕೇಟ್ ಕೊಡೋರು ಇರಲಿಲ್ಲ. ಮಾಧುವಿನ ಅಣ್ಣತಮ್ಮಂದಿರೇ ಅವರು. ನಗಿಸೋ ನಾಟಕ, ಅಳಿಸೋ ನಾಟಕ ಎರಡರಲ್ಲೂ ಈ ಮನುಷ್ಯ ಫೇಲಾದವರ ಪಕ್ಕದಲ್ಲೇ ಹೋಗಿ ಕೂತ. 1945ರಲ್ಲಿ ಮದ್ರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನ ಅಧ್ಯಕ್ಷರನ್ನಾಗಿ ಮಾಡಿದರು. ಮರುವರ್ಷ ತೀರಿಕೊಂಡರು.

ರಾತ್ರಿ ಎಲ್ಲರೂ ಹೋದ ಮೇಲೆ ಕಡುಬು, ಕೋಳಿ ಸಾರು. ದೊಡ್ಡಪ್ಪ ಯಾವಾಗಿನ ಹಾಗೇ ಮೊದಲ ಸಾಲಿನಲ್ಲಿ ಕೂತರು. ಅಣ್ಣ ಎದುರಿಗೆ. ಎಲ್ಲರಿಗೂ ಒಂದೇ ಕಾತರ, ಯಾರೂ ಬಾಯಿ ಬಿಡ್ತಿಲ್ಲ. ದೊಡ್ಡಪ್ಪ ಎರಡು ಕಡುಬು ಮುಗಿಸಿ ನನ್ನ ಕಡೆ ತಿರುಗಿದರು.

"ಈ ಕೈಲಾಸಂ ಅನ್ನೋರು ಪರೀಕ್ಷೇಲಿ ಪಾಸಾಗಿದ್ರಾ?"

ಆಗಿದ್ರು ದೊಡ್ಡಪ್ಪ, ಲಂಡನ್ನಲ್ಲಿ ಓದಿದೋರು ಅಂದೆ.

"ಹಂಗಾರೆ ಹೇಳೋ ಹಕ್ಕಿದೆ ಬಿಡು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, ಅಣ್ಣನ ಕಡೆ ನೋಡದೆ, "ಗುಡ್ಡೆ ಪೂರಾ ಮುಚ್ಚಿತ್ತನಾ?" ಅಂತ ಕೇಳಿದರು.

"ಒಂದು ಕಾಳೂ ನೆನ್ದಿಲ್ಲ ಅಪ್ಪಯ್ಯ."

"ಹ್ಞೂಂ. ಅವನಿಗೆ ಸಾರು ಹಾಕು" ಅಂತ ದೊಡ್ಡಮ್ಮನಿಗೆ ಹೇಳಿದರು. ಅವತ್ತು ಊಟದಲ್ಲಿ ನನ್ನ ಹೆಸರು ಬರಲಿಲ್ಲ.

ನೀವು ಆ ಕಡೆ ಹೋಗೋದಾದ್ರೆ ಒಂದು ಮಾತು. ಮಾರ್ಚ್-ಏಪ್ರಿಲ್‌ನಲ್ಲಿ ಹೋಗಿ, ಹೂಮಳೆ ಬಿದ್ದ ಹತ್ತನೇ ದಿನ ಅಲ್ಲಿರೋ ಹಾಗೆ ನೋಡಿಕೊಳ್ಳಿ, ಅದು ಯಾವ ಬುಕಿಂಗ್ ಆಪಿನಲ್ಲೂ ಸಿಗಲ್ಲ, ಊರಿನವರನ್ನ ಕೇಳಬೇಕು. ಜೊತೆಗೆ ಕೈಲಾಸಂ ನಾಟಕದ ಪುಸ್ತಕ ಒಂದಿರಲಿ. ಹೋಮ್‌ಸ್ಟೇ ಜಗಲಿಯಲ್ಲಿ ಪಾತ್ರ ಹಂಚಿಕೊಂಡು ಜೋರಾಗಿ ಓದಿ. ಶುರು ಮಾಡೋಕೆ ‘ಬಂಡ್ವಾಳಿಲ್ಲದ ಬಡಾಯಿ’ ಸುಲಭ, ಬುರುಡೆ ಬಿಡೋ ಲಾಯರ್ ಅಹೋಬ್ಲುವನ್ನ ನಿಮ್ಮ ಆಫೀಸಿನಲ್ಲೇ ಎಲ್ಲೋ ನೋಡಿರ್ತೀರಿ.

ಶಾಲೆಯ ಬೀರು ಬಂದಿದೆ, ಎರಡು ಖಾನೆ ತುಂಬಿದೆ. ಭಾನುವಾರ ಬೆಳಗ್ಗೆ ಹೊರಡೋ ಮುಂಚೆ ದೊಡ್ಡಪ್ಪನ ಮಳೆ ಪುಸ್ತಕ ನೋಡಿದೆ. ನಲವತ್ತು ವರ್ಷದಿಂದ ದಿನಾ ಮಾಪನದಲ್ಲಿ ಅಳೆದು ಬರೆದಿಡ್ತಾರೆ, ಬೇರೆ ಒಂದು ಅಕ್ಷರ ಬರೆಯಲ್ಲ. ಹಿಂದಿನ ದಿನದ ಸಾಲಿನಲ್ಲಿ 1 ಇಂಚು 15 ಸೆಂಟ್ಸ್ ಅಂತಿತ್ತು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ನಾಟಕ’. ಮುಂದಿನ ವರ್ಷಕ್ಕೆ ಅಣ್ಣ ಈಗಲೇ ಅಹೋಬ್ಲು ಪಾತ್ರ ಕಾದಿರಿಸಿದ್ದಾನೆ.